ತಂಜಾವೂರಿನ ಸರಸ್ವತೀಭಂಡಾರವೂ ಪ್ರತಿಗಳ ಕುಲವಿಚಾರವೂ

ಸಂಸ್ಕೃತ ಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರು ತಮ್ಮ ಪೀಠಿಕೆಗಳಲ್ಲಿ ‘ತಂಜಾವೂರಿನ ಪ್ರತಿ’, ‘ಮೈಸೂರಿನ ಪ್ರತಿ’, ‘ಬಿಕಾನೇರಿನ ಪ್ರತಿ’ ಎಂದು ಹೆಸರಿಟ್ಟು, ಆ ಹೆಸರಿನ ಬಲದಿಂದಲೇ ಒಂದನ್ನು ದಾಕ್ಷಿಣಾತ್ಯವೆಂದೂ ಮತ್ತೊಂದನ್ನು ಔದೀಚ್ಯವೆಂದೂ ವಿಂಗಡಿಸುವ ವಾಡಿಕೆಯು ಬಹಳ ದಿನಗಳಿಂದ ನಡೆದುಬಂದಿದೆ. ಪ್ರತಿಯು ಈಗ ಎಲ್ಲಿದೆಯೆಂಬುದನ್ನು ತಿಳಿಸುವುದಕ್ಕೆ ಈ ಹೆಸರುಗಳು ಸಾಕು. ಅದು ಎಲ್ಲಿ ಹುಟ್ಟಿತು, ಯಾವ ಮೂಲಪ್ರತಿಯಿಂದ ಇಳಿದುಬಂದಿತು ಎಂಬುದನ್ನು ತಿಳಿಸುವುದಕ್ಕೆ ಇವು ಸಾಲವು. ನೆಲೆಯನ್ನೇ ಮೂಲವೆಂದು ಭಾವಿಸಿದುದರಿಂದ ಪಾಠನಿರ್ಣಯದಲ್ಲಿ ಎಂತಹ ದೋಷಗಳು ಸಂಭವಿಸುವುವೆಂಬುದನ್ನು ತಂಜಾವೂರಿನ ಅರಮನೆಯ ಸರಸ್ವತೀಭಂಡಾರದ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶವು.

ಪರರ ತಪ್ಪನ್ನು ಎತ್ತಿ ತೋರಿಸುವುದಕ್ಕೆ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯವಾಗಿದೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಅಲಂಕಾರಗ್ರಂಥದ ಪಾಠಭೇದಗಳನ್ನು ಸಂಗ್ರಹಿಸುತ್ತಿದ್ದೆನು. ಉತ್ತರದೇಶದಲ್ಲಿ ಅಚ್ಚಾದ ಪುಸ್ತಕವೊಂದು, ತಂಜಾವೂರಿನ ಕಾಗದದ ಪ್ರತಿಯಿಂದ ಬರೆಯಿಸಿ ತರಿಸಿದ ನಕಲೊಂದು, ಕನ್ನಡನಾಡಿನ ಮಠವೊಂದರ ಓಲೆಯ ಪ್ರತಿಯೊಂದು—ಈ ಮೂರೇ ನನಗೆ ದೊರೆತ ಸಾಧನಗಳು. ಒಂದು ಕಾರಿಕೆಯಲ್ಲಿ ಮೊದಲಿನ ಎರಡೂ ಒಂದು ಪಾಠವನ್ನು ಹೇಳಿದುವು; ಓಲೆಯ ಪ್ರತಿಯೊಂದು ಮಾತ್ರ ಬೇರೆಯಾಗಿ ಹೇಳಿತು. ಉತ್ತರ ದಕ್ಷಿಣಗಳೆರಡರ ಸಾಕ್ಷ್ಯವೂ ಒಂದಾಗಿರುವಾಗ ಮೂರನೆಯದಕ್ಕೆ ಬೆಲೆಯಿಲ್ಲವೆಂದು ತೀರ್ಮಾನಿಸಿ, ಓಲೆಯ ಪಾಠವನ್ನು ‘ಲಿಪಿಕಾರನ ಪ್ರಮಾದ’ ಎಂದು ಅಡಿಟಿಪ್ಪಣಿಯಲ್ಲಿ ತಳ್ಳಿಹಾಕಿದೆನು. ಕೆಲವು ವರ್ಷಗಳ ತರುವಾಯ ತಂಜಾವೂರಿಗೆ ಹೋಗಿ ಮೂಲವನ್ನೇ ನೋಡುವ ಯೋಗವು ಬಂದಿತು. ನಕಲುಗಾರನು ಅನಾವಶ್ಯಕವೆಂದು ಬಿಟ್ಟಿದ್ದ ಪುಷ್ಪಿಕೆಯಲ್ಲಿ, ಆ ಪ್ರತಿಯನ್ನು ಕಾಶಿಯಲ್ಲಿ ಬರೆದುದಾಗಿ ಸ್ಪಷ್ಟವಾಗಿ ಹೇಳಿತ್ತು. ಮುದ್ರಿತ ಪುಸ್ತಕಕ್ಕೂ ಕಾಶಿಯ ಪ್ರತಿಗಳೇ ಆಧಾರವಾಗಿದ್ದುವು. ಮತ್ತೆ ಹೋಲಿಸಿ ನೋಡಿದಾಗ, ಎರಡರಲ್ಲಿಯೂ ಒಂದೇ ಸ್ಥಳದಲ್ಲಿ ಒಂದೇ ಪಂಕ್ತಿಯು ಬಿಟ್ಟುಹೋಗಿದ್ದುದು ಕಂಡಿತು. ಒಬ್ಬನೇ ಸಾಕ್ಷಿಯನ್ನು ಎರಡು ಬಾಗಿಲುಗಳಿಂದ ಕರೆತಂದು, ಇಬ್ಬರು ಬಂದರೆಂದು ನಾನು ಎಣಿಸಿದ್ದೆನು.

ಇದು ನನ್ನೊಬ್ಬನ ಅಜಾಗ್ರತೆಯಾಗಿದ್ದರೆ ಇಲ್ಲಿ ಬರೆಯಬೇಕಾದ ಆವಶ್ಯಕತೆಯಿರಲಿಲ್ಲ. ಅರಮನೆಗಳ ಗ್ರಂಥಭಂಡಾರಗಳು ಹೇಗೆ ಬೆಳೆದುವೆಂಬುದನ್ನು ಅರಿಯದೆ ಅವುಗಳ ಪ್ರತಿಗಳನ್ನು ಬಳಸುವವರೆಲ್ಲರಿಗೂ ಈ ಅಪಾಯವು ಸಮಾನವಾದುದು. ಆದುದರಿಂದ ಮೊದಲು ಈ ಭಂಡಾರದ ಬೆಳವಣಿಗೆಯನ್ನು ಸಂಕ್ಷೇಪವಾಗಿ ನಿರೂಪಿಸುವೆನು.

ತಂಜಾವೂರಿನ ನಾಯಕರು ವಿಜಯನಗರದ ಅರಸರ ಅಧೀನರಾಗಿ ಹದಿನಾರನೆಯ ಶತಮಾನದಲ್ಲಿ ಪ್ರಬಲರಾದವರು. ಸೇವಪ್ಪ, ಅಚ್ಯುತಪ್ಪ, ರಘುನಾಥ, ವಿಜಯರಾಘವ ಎಂಬ ನಾಲ್ವರು ೧೬೭೩ರ ವರೆಗೆ ಆಳಿದರು. ಇವರ ಆಸ್ಥಾನದ ವಿದ್ಯಾವೈಭವಕ್ಕೆ ಮೂಲಪುರುಷನಾದ ಮಂತ್ರಿ ಗೋವಿಂದದೀಕ್ಷಿತನು ಕರ್ಣಾಟಕ ಬ್ರಾಹ್ಮಣನೆಂಬುದು ನಮ್ಮವರಿಗೆ ಸಂತೋಷದ ಸಂಗತಿಯು. ಅವನ ಮಕ್ಕಳಲ್ಲಿ ಯಜ್ಞನಾರಾಯಣದೀಕ್ಷಿತನು ‘ಸಾಹಿತ್ಯರತ್ನಾಕರ’ವನ್ನೂ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯನ್ನೂ ರಚಿಸಿದರು. ರಘುನಾಥನಾಯಕನು ತಾನೇ ತೆಲುಗಿನ ಕವಿಯು. ಅವನ ಚರಿತ್ರೆಯನ್ನು ‘ರಘುನಾಥಾಭ್ಯುದಯ’ವೆಂಬ ಸಂಸ್ಕೃತ ಕಾವ್ಯವಾಗಿ ಬರೆದ ರಾಮಭದ್ರಾಂಬೆಯು ಅವನ ಆಸ್ಥಾನದ ವಿದುಷಿಯು. ಇಂತಹ ಸಭೆಯಲ್ಲಿ ಗ್ರಂಥಗಳು ಕೂಡಿದ್ದುದು ಸಹಜವೇ ಸರಿ. ಈ ಕಾಲದ ಪ್ರತಿಗಳು ತಾಳೆಯೋಲೆಯವು. ಇವು ಆ ನಾಡಿನಲ್ಲಿಯೇ ಓದಿ, ಪಾಠಹೇಳಿ, ಬರೆದುಕೊಂಡ ಪುಸ್ತಕಗಳಾದುದರಿಂದ, ದಾಕ್ಷಿಣಾತ್ಯಪಾಠಕ್ಕೆ ಸಾಕ್ಷಿಗಳೆಂದು ಮೊದಲನೋಟಕ್ಕೆ ಒಪ್ಪಬಹುದಾದಂಥವು.

೧೬೭೩ರಲ್ಲಿ ಮಧುರೆಯ ಚೊಕ್ಕನಾಥನಾಯಕನು ತಂಜಾವೂರನ್ನು ಗೆದ್ದನು. ಅಲ್ಪಕಾಲದಲ್ಲಿಯೇ ವಿಜಾಪುರದ ಆಜ್ಞೆಯಂತೆ ಬಂದ ಏಕೋಜಿಯು ಅದನ್ನು ತನ್ನ ಸ್ವಾಧೀನಕ್ಕೆ ತಂದುಕೊಂಡನು. ಈತನು ಬಂದುದು ಬೆಂಗಳೂರಿನಿಂದ. ಇವನ ತಂದೆ ಷಹಜಿಯು ಬೆಂಗಳೂರನ್ನು ಜಹಗೀರಾಗಿ ಪಡೆದು ಅಲ್ಲಿ ವಿದ್ವತ್ಸಭೆಯನ್ನು ನಡೆಯಿಸಿದವನು. ಚೆನ್ನಗಿರಿಯ ಸಮೀಪದ ಹೊದಿಗೆರೆಯಲ್ಲಿ ೧೬೬೪ರಲ್ಲಿ ಮಡಿದವನು. ಅವನ ಆಶ್ರಿತನಾದ ಜಯರಾಮ ಪಿಂಡ್ಯೆಯ ‘ರಾಧಾಮಾಧವವಿಲಾಸಚಂಪು’ವಿನಲ್ಲಿ ಹಲವು ಭಾಷೆಗಳ ಪದ್ಯಗಳು ಸೇರಿರುವುದನ್ನು ನೋಡಿದರೆ, ಮುಂದೆ ತಂಜಾವೂರಿನಲ್ಲಿ ಬೆಳೆದ ಬಹುಭಾಷಾಪ್ರೀತಿಯ ಬೀಜವು ಬೆಂಗಳೂರಿನಲ್ಲಿಯೇ ಬಿದ್ದಿತ್ತೆಂದು ಹೇಳಬಹುದು. ಏಕೋಜಿಯ ಮಗನಾದ ಇನ್ನೊಬ್ಬ ಷಹಜಿಯು (೧೬೮೪–೧೭೧೨) ತಿರುವಿಶನಲ್ಲೂರನ್ನು ಷಹಜಿರಾಜಪುರವೆಂಬ ಅಗ್ರಹಾರವನ್ನಾಗಿ ಮಾಡಿ ೧೬೯೩ರಲ್ಲಿ ವಿದ್ವಾಂಸರಿಗೆ ಹಂಚಿದನು. ‘ಜಾನಕೀಪರಿಣಯ’ದ ಕರ್ತೃವಾದ ರಾಮಭದ್ರದೀಕ್ಷಿತನು ಅವರಲ್ಲಿ ಅಗ್ರಗಣ್ಯನು. ತುಳಜ ಮಹಾರಾಜನು (೧೭೨೮–೧೭೩೬) ‘ಸಂಗೀತಸಾರಾಮೃತ’ವನ್ನು ಬರೆದನು. ಹೀಗೆ ಭಂಡಾರದ ಎರಡನೆಯ ಪದರವು ಬೆಳೆಯಿತು.

ಮೂರನೆಯ ಪದರವೇ ಎಲ್ಲಕ್ಕಿಂತ ದೊಡ್ಡದು. ಅದು ಎರಡನೆಯ ಸರ್ಫೋಜಿಯ ಕಾಲದ್ದು. ೧೭೭೭ರಲ್ಲಿ ಹುಟ್ಟಿ, ದತ್ತಕವಾಗಿ ಬಂದು, ಷ್ವಾರ್ಟ್ಸ್ ಎಂಬ ಪಾದ್ರಿಯ ಪೋಷಣೆಯಲ್ಲಿ ಬೆಳೆದ ಈತನು ೧೭೯೮ರಲ್ಲಿ ಸಿಂಹಾಸನವನ್ನೇರಿದನು. ಮರುವರ್ಷವೇ ರಾಜ್ಯಭಾರವೆಲ್ಲವೂ ಕಂಪೆನಿಯ ಕೈಸೇರಿತು. ಕೋಟೆಯೂ ಅದರ ಸುತ್ತಣ ಸ್ವಲ್ಪ ನೆಲವೂ ಮಾತ್ರ ಅರಸನಿಗೆ ಉಳಿದುವು. ಆಳುವುದಕ್ಕೆ ನಾಡಿಲ್ಲದ ಅರಸನು ೧೮೩೨ರಲ್ಲಿ ತೀರಿಕೊಳ್ಳುವವರೆಗೆ ತನ್ನ ಕಾಲವನ್ನೂ ಧನವನ್ನೂ ವಿದ್ಯೆಗಾಗಿ ವ್ಯಯಮಾಡಿದನು. ಯೂರೋಪಿನ ಭಾಷೆಗಳ ಮುದ್ರಿತ ಪುಸ್ತಕಗಳನ್ನು ಸಾವಿರಗಟ್ಟಲೆಯಾಗಿ ತರಿಸಿ ಅವುಗಳ ಮೇಲೆ ತನ್ನ ಹಸ್ತಾಕ್ಷರವನ್ನು ಹಾಕಿದನು. ನಾಗರಿಯ ಅಚ್ಚುಮೊಳೆಗಳ ಮುದ್ರಣಾಲಯವನ್ನು ಸ್ಥಾಪಿಸಿದನು. ವೈದ್ಯರನ್ನು ಕೂಡಿಸಿ ಧನ್ವಂತರಿಮಹಲನ್ನು ನಡೆಯಿಸಿದನು. ೧೮೨೦ರಲ್ಲಿ ಕಾಶೀಯಾತ್ರೆಯನ್ನು ಕೈಗೊಂಡು, ಅಲ್ಲಿಂದ ಅಪಾರವಾದ ಕಾಗದದ ಪ್ರತಿಗಳನ್ನು ಸಂಪಾದಿಸಿ ತಂದನು. ಸಾಮಾನ್ಯರಾದವರು ಕಾಶಿಯಿಂದ ಗಂಗೆಯ ಗಿಂಡಿಯನ್ನು ತರುತ್ತಾರೆ. ಈ ಅರಸನು ಗ್ರಂಥಗಳ ಹೊರೆಯನ್ನು ತಂದನು.

ಈ ಮೂರು ಪದರಗಳ ಭೇದವನ್ನು ಮೊದಲು ಬರೆದಿಟ್ಟವರು ಬರ್ನೆಲ್ ಸಾಹೇಬರು. ತಂಜಾವೂರಿನಲ್ಲಿ ನ್ಯಾಯಾಧೀಶರಾಗಿದ್ದ ಇವರು ಮಂಗಳೂರಿನಲ್ಲಿಯೂ ಇದ್ದವರು. ದಕ್ಷಿಣದೇಶದ ಲಿಪಿಗಳನ್ನು ಕುರಿತ ಇವರ ಗ್ರಂಥವು ೧೮೭೪ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಅರಮನೆಯ ಸಂಸ್ಕೃತ ಪ್ರತಿಗಳ ವರ್ಗೀಕೃತ ಸೂಚಿಯನ್ನು ಇವರು ೧೮೭೯–೮೦ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ೧೮೮೨ರಲ್ಲಿ ನಲವತ್ತೆರಡನೆಯ ವಯಸ್ಸಿನಲ್ಲಿಯೇ ಕಾಲವಾದರು. ನಾಯಕರ ಕಾಲದ ಪ್ರತಿಗಳು ಓಲೆಯವೆಂದೂ, ಭಂಡಾರದ ಮುಖ್ಯಭಾಗವಾದ ನಾಗರೀಲಿಪಿಯ ಕಾಗದದ ಪ್ರತಿಗಳು ಬಹುಮಟ್ಟಿಗೆ ಸರ್ಫೋಜಿಯು ಕಾಶಿಯಲ್ಲಿ ಸಂಗ್ರಹಿಸಿದುವೆಂದೂ ಆ ಸೂಚಿಯ ಮುನ್ನುಡಿಯಲ್ಲಿಯೇ ತಿಳಿಸಲಾಗಿದೆ. ಆದರೆ ಸೂಚಿಯನ್ನು ತೆರೆಯುವವರು ತಮಗೆ ಬೇಕಾದ ಗ್ರಂಥದ ಸಂಖ್ಯೆಯನ್ನು ಹುಡುಕುತ್ತಾರೆಯೇ ಹೊರತು ಮುನ್ನುಡಿಯನ್ನು ಓದುವುದಿಲ್ಲ. ನಾನೂ ಓದಿರಲಿಲ್ಲ.

೧೮೫೫ರಲ್ಲಿ ಸರ್ಫೋಜಿಯ ಮಗ ಶಿವಾಜಿಯು ಗಂಡುಸಂತಾನವಿಲ್ಲದೆ ತೀರಿಕೊಂಡ ಮೇಲೆ ಸಂಸ್ಥಾನವು ಅಳಿಯಿತು. ಅರಮನೆಯ ಸ್ವತ್ತಿನ ವ್ಯಾಜ್ಯವು ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಭಂಡಾರವು ಕಡೆಗೆ ೧೯೧೮ರಲ್ಲಿ ಸಾರ್ವಜನಿಕರ ಉಪಯೋಗಕ್ಕೆ ಬಂದಿತು. ಲಂಡಗೆ, ಕಾಗಲ್ಕರ್, ಪತಂಗ ಅವಧೂತ ಮುಂತಾದ ವಿದ್ವಾಂಸರ ಮನೆತನದ ಸಂಗ್ರಹಗಳೂ ಅದರಲ್ಲಿ ಸೇರಿದುವು. ಇದು ನಾಲ್ಕನೆಯ ಪದರವು. ಅನಂತರ ಪಿ. ಪಿ. ಸುಬ್ರಹ್ಮಣ್ಯಶಾಸ್ತ್ರಿಗಳು ಹತ್ತೊಂಬತ್ತು ಸಂಪುಟಗಳ ವಿವರಣಾತ್ಮಕ ಸೂಚಿಯನ್ನು ೧೯೨೮ರಿಂದ ೧೯೩೪ರ ವರೆಗೆ ಸಿದ್ಧಪಡಿಸಿ ಪ್ರಕಟಿಸಿದರು. ಪ್ರತಿಯು ಓಲೆಯದೋ ಕಾಗದದ್ದೋ, ಯಾವ ಲಿಪಿಯದು, ಎಷ್ಟು ಗರಿಗಳಿವೆ, ಆರಂಭವೇನು, ಅಂತ್ಯವೇನು ಎಂಬುದೆಲ್ಲವೂ ಅಲ್ಲಿ ದೊರೆಯುತ್ತದೆ. ಅಷ್ಟು ಶ್ರಮವನ್ನು ವಹಿಸಿದವರಿಗೆ ಸಂಪಾದಕರೆಲ್ಲರೂ ಋಣಿಗಳು. ಆದರೂ ಪ್ರತಿಯು ಭಂಡಾರಕ್ಕೆ ಎಂದು, ಎಲ್ಲಿಂದ, ಯಾರಿಂದ ಬಂದಿತೆಂಬ ವಿವರವು ಪ್ರತಿಯೊಂದಕ್ಕೂ ಸಿಕ್ಕುವುದಿಲ್ಲ. ಆ ಕೊರತೆಯನ್ನು ಸೂಚೀಕಾರರ ಮೇಲೆ ಹೊರಿಸುವುದು ತಕ್ಕುದಲ್ಲ. ಬಳಸುವವರು ತಾವೇ ವಿಚಾರಿಸಿಕೊಳ್ಳಬೇಕಾದ ಅಂಶವದು.

ಈಗ ತರ್ಕದೃಷ್ಟಿಯಿಂದ ಪರೀಕ್ಷಿಸೋಣ. ‘ಈ ಪ್ರತಿಯು ದಾಕ್ಷಿಣಾತ್ಯಪಾಠವುಳ್ಳದ್ದು, ತಂಜಾವೂರಿನ ಭಂಡಾರದಲ್ಲಿರುವುದರಿಂದ’—ಇದು ಸಂಪಾದಕರ ಅನುಮಾನವು. ಇಲ್ಲಿ ಹೇತುವು ಅನೈಕಾಂತಿಕವಾದುದು. ಭಂಡಾರದಲ್ಲಿರುವಿಕೆಯು ನಾಯಕರ ಕಾಲದ ಓಲೆಯಲ್ಲಿಯೂ ಉಂಟು, ಕಾಶಿಯಿಂದ ಬಂದ ಕಾಗದದಲ್ಲಿಯೂ ಉಂಟು. ಸಪಕ್ಷ ವಿಪಕ್ಷಗಳೆರಡರಲ್ಲಿಯೂ ಇರುವ ಹೇತುವಿನಿಂದ ಏನೂ ಸಿದ್ಧಿಸುವುದಿಲ್ಲವೆಂದು ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಯೂ ಹೇಳಬಲ್ಲನು. ಶಾಸ್ತ್ರದಲ್ಲಿ ನಾವು ಒಪ್ಪದ ಹೇತ್ವಾಭಾಸವನ್ನು ಪೀಠಿಕೆಯಲ್ಲಿ ಹೇಗೆ ಒಪ್ಪಿಕೊಂಡೆವೋ ತಿಳಿಯದು.

ಈ ವ್ಯಭಿಚಾರವು ತಂಜಾವೂರಿಗೆ ಮಾತ್ರ ಸೇರಿದುದಲ್ಲವು. ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನಲ್ಲಿ ದೊರೆಯಿತೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ೧೮೯೧ರಲ್ಲಿ, ಆರಂಭವಾದ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ ೧೯೦೯ರಲ್ಲಿ ಮುದ್ರಿಸಿದುದು ಲೋಕಪ್ರಸಿದ್ಧವಾದ ಸಂಗತಿಯು. ಆದರೆ ಗ್ರಂಥಾಕ್ಷರದ ಆ ಓಲೆಯ ಪ್ರತಿಯನ್ನು ಕೋಶಾಗಾರಕ್ಕೆ ಒಪ್ಪಿಸಿದವರು ತಂಜಾವೂರು ಪ್ರಾಂತದ ಒಬ್ಬ ಪಂಡಿತರು. ‘ಮೈಸೂರಿನ ಪ್ರತಿ’ಯು ಹುಟ್ಟಿನಿಂದ ತಮಿಳುನಾಡಿನದು! ಇನ್ನು ಬಿಕಾನೇರಿನ ಅನೂಪಸಿಂಹ ಮಹಾರಾಜನ ಸಂಗ್ರಹವನ್ನು ನೋಡಿರಿ. ಮೊಗಲರ ಸೇನಾಪತಿಯಾಗಿ ದಖ್ಖಣದಲ್ಲಿ ಬಹುಕಾಲವಿದ್ದು, ೧೬೯೮ರಲ್ಲಿ ಆದವಾನಿಯಲ್ಲಿ ಮಡಿದ ಈತನು ದಂಡಯಾತ್ರೆಯ ನಡುವೆಯೂ ಗ್ರಂಥಗಳನ್ನು ಸಂಗ್ರಹಿಸಿ ಮರುಭೂಮಿಯ ತನ್ನ ರಾಜಧಾನಿಗೆ ಸಾಗಿಸಿದನೆಂಬುದು ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ. ಕಾಶಿಯ ಕವೀಂದ್ರಾಚಾರ್ಯ ಸರಸ್ವತಿಯ ಪುಸ್ತಕಗಳಲ್ಲಿ ಕೆಲವೂ ಅಲ್ಲಿಗೆ ಸೇರಿವೆ. ಹಾಗಾದರೆ ‘ಬಿಕಾನೇರಿನ ಪ್ರತಿ’ ಎಂದಾಗ ಅದು ರಾಜಸ್ಥಾನದ್ದೋ, ಕಾಶಿಯದೋ, ನಮ್ಮ ತುಂಗಭದ್ರೆಯ ತೀರದ್ದೋ? ಹೆಸರಿನಿಂದ ತಿಳಿಯುವುದಿಲ್ಲ. ರಾಜರು ಗ್ರಂಥಗಳನ್ನು ಕಾಪಾಡಿದರು. ಕಾಪಾಡುವ ಕಾರ್ಯದಲ್ಲಿಯೇ ಅವುಗಳನ್ನು ಹುಟ್ಟಿದೂರಿನಿಂದ ಅಗಲಿಸಿದರು. ಉಪಕಾರವೂ ತೊಡಕೂ ಒಂದೇ ಕೈಯಿಂದ ಬಂದುವು.

ಇಲ್ಲಿ ಎರಡು ಆಕ್ಷೇಪಗಳಿಗೆ ಅವಕಾಶವಿದೆ. ಲಿಪಿಯನ್ನು ನೋಡಿದರೆ ಮೂಲವು ತಿಳಿಯುವುದಷ್ಟೆ, ನಾಗರಿಯಾದರೆ ಔದೀಚ್ಯ, ಗ್ರಂಥಾಕ್ಷರ ತೆಲುಗುಗಳಾದರೆ ದಾಕ್ಷಿಣಾತ್ಯ, ಇಷ್ಟು ವಿಸ್ತಾರವಾದ ಚರ್ಚೆಯೇಕೆ—ಎಂಬುದು ಮೊದಲನೆಯದು. ಈ ಮಾತಿನಲ್ಲಿ ಸತ್ಯಾಂಶವುಂಟು. ಪುಣೆಯ ಭಾಂಡಾರಕರ ಸಂಸ್ಥೆಯ ಮಹಾಭಾರತದಲ್ಲಿ ಸುಕ್ಥಂಕರ ಮಹಾಶಯರು ಲಿಪಿಯನ್ನು ಹಿಡಿದೇ ಪ್ರತಿಗಳನ್ನು ವರ್ಗೀಕರಿಸಿದರು. ೧೯೩೩ರಲ್ಲಿ ಪೂರ್ಣವಾದ ಆದಿಪರ್ವದ ಪೀಠಿಕೆಯಲ್ಲಿ ಅದರ ಯುಕ್ತಿಯನ್ನೂ ತೋರಿಸಿದ್ದಾರೆ. ದಕ್ಷಿಣದ ಪ್ರತಿಗಳ ಪಾಠವನ್ನು ಸಂಗ್ರಹಿಸುವುದಕ್ಕಾಗಿ ತಂಜಾವೂರಿನಲ್ಲಿಯೂ ಆ ಕಾರ್ಯದ ಒಂದು ಕೇಂದ್ರವಿದ್ದಿತು. ಆದರೆ ನಾಗರಿಯ ಪ್ರತಿಗಳು ಮಿಶ್ರಪಾಠದವೆಂಬುದನ್ನೂ ಅವರೇ ಎಚ್ಚರಿಸಿದ್ದಾರೆ. ಶಾರದೆಯನ್ನು ಓದಬಲ್ಲವರು ಕಾಶ್ಮೀರದವರು, ಗ್ರಂಥಾಕ್ಷರವನ್ನು ಓದಬಲ್ಲವರು ತಮಿಳುನಾಡಿನವರು. ನಾಗರಿಯನ್ನಾದರೋ ಎಲ್ಲ ದೇಶದವರೂ ಓದುವರು, ಬರೆಯುವರು. ಆದುದರಿಂದ ಲಿಪಿಯು ದಿಕ್ಕನ್ನು ತೋರಿಸುತ್ತದೆಯೇ ಹೊರತು ಊರನ್ನು ತೋರಿಸಲಾರದು.

ಕಾಶಿಯಲ್ಲಿ ಬರೆದುದಾದರೆ ಪಾಠವು ಔದೀಚ್ಯವೇ ಎಂದು ನಿಶ್ಚಯಿಸಬಹುದಲ್ಲವೇ ಎಂಬುದು ಎರಡನೆಯ ಆಕ್ಷೇಪವು. ಇದನ್ನೂ ಒಪ್ಪುವುದಕ್ಕಾಗುವುದಿಲ್ಲ. ಕಾಶಿಯು ಉತ್ತರದಲ್ಲಿದ್ದರೂ ಅಲ್ಲಿನ ಪಂಡಿತಮಂಡಲಿಯಲ್ಲಿ ದಾಕ್ಷಿಣಾತ್ಯರು ಸಾಮಾನ್ಯರಾಗಿರಲಿಲ್ಲ. ರಾಮೇಶ್ವರಭಟ್ಟನು ಪೈಠಣದಿಂದ ಕಾಶಿಗೆ ಹೋಗಿ ನೆಲಸಿದನು. ಅವನ ಮಗ ನಾರಾಯಣಭಟ್ಟನು ಅಲ್ಲಿನ ಧರ್ಮಶಾಸ್ತ್ರಕ್ಕೆ ಆಚಾರ್ಯಪುರುಷನಾದನು. ‘ನಿರ್ಣಯಸಿಂಧು’ವನ್ನು ೧೬೧೨ರಲ್ಲಿ ಬರೆದ ಕಮಲಾಕರಭಟ್ಟನು ಅದೇ ವಂಶದವನು. ಇಂತಹ ಮನೆತನಗಳು ಊರುಬಿಡುವಾಗ ತಮ್ಮ ಪುಸ್ತಕಗಳನ್ನು ಬಿಟ್ಟುಹೋದುವೆಂದು ಯಾರೂ ಹೇಳಲಾರರು. ದಕ್ಷಿಣದ ಓಲೆಯೊಂದು ಕಾಶಿಗೆ ಹೋಗಿ, ನಾಗರಿಯ ಕಾಗದವಾಗಿ, ಸರ್ಫೋಜಿಯ ಸಂಗಡ ಮತ್ತೆ ಕಾವೇರಿಯ ತೀರಕ್ಕೆ ಬಂದಿರುವುದೂ ಅಸಂಭವವಲ್ಲವು. ಆದುದರಿಂದ ಪ್ರತಿಯ ನೆಲೆ, ಅದನ್ನು ಬರೆದ ಸ್ಥಳ, ಅದರ ಲಿಪಿ, ಅದರ ಮೂಲಪ್ರತಿಯ ಕುಲ—ಈ ನಾಲ್ಕೂ ಬೇರೆಬೇರೆ. ಮೊದಲಿನ ಮೂರು ಹೊರಗಿನ ಲಕ್ಷಣಗಳು. ನಾಲ್ಕನೆಯದು ಪಾಠವನ್ನು ಅಕ್ಷರಶಃ ಹೋಲಿಸಿ ನೋಡಿದಾಗ ಮಾತ್ರ ಗೋಚರವಾಗುವುದು. ಎರಡು ಪ್ರತಿಗಳು ಸರಿಯಾದ ಪಾಠದಲ್ಲಿ ಏಕವಾದರೆ ಅವುಗಳ ಸಂಬಂಧವು ಸಿದ್ಧಿಸುವುದಿಲ್ಲ. ಏಕೆಂದರೆ ಸರಿಯಾದುದು ಎಲ್ಲರಿಗೂ ಸಮಾನವು. ಒಂದೇ ತಪ್ಪಿನಲ್ಲಿ, ಒಂದೇ ಪಂಕ್ತಿಲೋಪದಲ್ಲಿ ಏಕವಾದರೆ ಅವು ಒಂದೇ ತಾಯಿಯ ಮಕ್ಕಳು.

ಇದರಿಂದ ಕಾಶಿಯ ಕಾಗದಗಳ ಬೆಲೆಯು ತಗ್ಗಿತೆಂದು ವಾಚಕರು ತಿಳಿಯಬಾರದು. ‘ಇವು ಈಚಿನ ನಕಲುಗಳು, ಇವುಗಳಿಂದೇನು?’ ಎಂದು ಅಲ್ಲಗಳೆಯುವವರೂ ಇದ್ದಾರೆ. ನಕಲಿನ ವಯಸ್ಸನ್ನು ಪಾಠದ ವಯಸ್ಸೆಂದು ಭಾವಿಸುವುದು ನೆಲೆಯನ್ನು ಮೂಲವೆಂದು ಭಾವಿಸುವ ತಪ್ಪಿಗೆ ಒಡಹುಟ್ಟಿದುದು. ಅವಿದ್ಯಾವಂತನಾದ ಲಿಪಿಕಾರನು ಮುನ್ನೂರು ವರ್ಷಗಳ ಹಿಂದೆ ಬರೆದ ಓಲೆಗಿಂತ, ಶುದ್ಧವಾದ ಹಳೆಯ ಪ್ರತಿಯನ್ನು ನೋಡಿ ನಿಪುಣನು ನೂರು ವರ್ಷಗಳ ಈಚೆಗೆ ಬರೆದ ಕಾಗದವು ಉತ್ತಮವಾಗಬಹುದು. ಮೂಲಪ್ರತಿಯು ಆಮೇಲೆ ಗೆದ್ದಲಿಗೋ ಪ್ರವಾಹಕ್ಕೋ ಆಹುತಿಯಾಗಿದ್ದರಂತೂ ಆ ನಕಲೇ ಅದರ ಏಕಮಾತ್ರ ಸಂತಾನವು. ಸರ್ಫೋಜಿಯು ಮಾಡಿದ ಉಪಕಾರದ ನಿಜವಾದ ಪ್ರಮಾಣವು ಇಲ್ಲಿದೆ. ಅವನನ್ನು ಸ್ತುತಿಸುವವರು ಪ್ರತಿಗಳ ಸಂಖ್ಯೆಯನ್ನು ಹೇಳಿ ನಿಲ್ಲಿಸುತ್ತಾರೆ. ಈಗ ಭಂಡಾರದಲ್ಲಿ ಎಲ್ಲ ಭಾಷೆಗಳವೂ ಕೂಡಿ ೪೦,೦೦೦ಕ್ಕೂ ಮಿಕ್ಕ ಪ್ರತಿಗಳಿರುವುದು ನಿಜವೇ. ಆದರೆ ಸಂಖ್ಯೆಯು ಧಾನ್ಯದ ಕಣಜಕ್ಕೂ ಉಂಟು. ಒಂದು ದೇಶದ ಪಾಠಪರಂಪರೆಯನ್ನು ಇನ್ನೊಂದು ದೇಶದ ಪರಂಪರೆಯ ಪಕ್ಕದಲ್ಲಿ ಇರಿಸಿ, ಒಂದೇ ಛಾವಣಿಯ ಕೆಳಗೆ ಎರಡನ್ನೂ ಹೋಲಿಸುವ ಅನುಕೂಲವನ್ನು ಉಂಟುಮಾಡಿದುದೇ ಅವನ ಕಾರ್ಯದ ಹೆಚ್ಚುಗಾರಿಕೆಯು. ಎರಡನ್ನೂ ‘ತಂಜಾವೂರಿನ ಪ್ರತಿ’ ಎಂದು ಒಂದೇ ಹೆಸರಿನಿಂದ ಕರೆದರೆ ಆ ಅನುಕೂಲವನ್ನು ನಾವೇ ಕೆಡಿಸಿಕೊಂಡಂತಾಗುವುದು.

ಆದುದರಿಂದ ಸಂಪಾದಕರಲ್ಲಿಯೂ ಕಾಲೇಜುಗಳಲ್ಲಿ ಗ್ರಂಥಸಂಪಾದನೆಯನ್ನು ಬೋಧಿಸುವ ಉಪಾಧ್ಯಾಯರಲ್ಲಿಯೂ ನನ್ನ ವಿಜ್ಞಾಪನೆಯು ಇಷ್ಟೆ. ಪ್ರತಿಯನ್ನು ವರ್ಣಿಸುವಾಗ ಭಂಡಾರದ ಹೆಸರಿನೊಡನೆ ಅದು ಓಲೆಯೋ ಕಾಗದವೋ, ಲಿಪಿಯಾವುದು, ಬರೆದ ಸ್ಥಳ ಕಾಲಗಳು ಪುಷ್ಪಿಕೆಯಲ್ಲಿವೆಯೇ, ಮೊದಲ ಮತ್ತು ಕಡೆಯ ಹಾಳೆಗಳಲ್ಲಿ ಒಡೆಯರ ಹೆಸರುಗಳುಂಟೇ ಎಂಬುದನ್ನು ತಪ್ಪದೆ ಬರೆಯಬೇಕು. ನಕಲನ್ನು ತರಿಸುವವರು ಪುಷ್ಪಿಕೆಯನ್ನೂ ಲಿಪಿಕಾರನ ಕೊನೆಯ ಶ್ಲೋಕವನ್ನೂ ಬಿಡದೆ ಬರೆಯುವಂತೆ ನಿಯಮಿಸಬೇಕು. ಪ್ರತಿಗಳ ಛಾಯಾಚಿತ್ರಗಳನ್ನು ತೆಗೆಯುವ ಕಾರ್ಯವು ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆರಂಭವಾದ ಮೇಲೆ ಹೆಚ್ಚಾಗಿ ನಡೆದಿದೆ. ಛಾಯೆಯಲ್ಲಿ ಅಕ್ಷರವು ಬರುತ್ತದೆ, ಪ್ರತಿಯು ನಡೆದುಬಂದ ದಾರಿಯು ಬರುವುದಿಲ್ಲ. ಅದನ್ನು ಬರೆದಿಡಬೇಕಾದವರು ನಾವು. ತಂಜಾವೂರಿನ ಭಂಡಾರದಲ್ಲಿಯೇ ಅರಮನೆಯ ಮೋಡಿ ಕಾಗದಗಳ ಕಟ್ಟುಗಳಿವೆ. ಪುಸ್ತಕಗಳ ಕ್ರಯವನ್ನೂ ನಕಲಿನ ವೆಚ್ಚವನ್ನೂ ಕುರಿತ ಲೆಕ್ಕಗಳನ್ನು ಅವುಗಳಲ್ಲಿ ಹುಡುಕುವುದು ಮೋಡಿಯನ್ನು ಬಲ್ಲ ತರುಣವಿದ್ವಾಂಸರಿಗೆ ತಕ್ಕ ಉದ್ಯೋಗವು.

ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು, ಯಾವ ವಿದ್ಯಾರ್ಥಿಯು ಯಾವ ಪುಸ್ತಕವನ್ನು ತಂದರೂ, ಅದನ್ನು ಬಿಚ್ಚುವುದಕ್ಕೆ ಮೊದಲು ‘ಇದು ಯಾರ ಮನೆಯದು?’ ಎಂದು ಕೇಳುತ್ತಿದ್ದರು. ಹಿಂದಿರುಗಿಸುವ ಜವಾಬ್ದಾರಿಗಾಗಿ ಕೇಳುವರೆಂದು ನಾವು ತಿಳಿದಿದ್ದೆವು. ಯಾರ ಮನೆಯ ಪಾಠವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಅವರ ಪ್ರಶ್ನೆಯ ಅಭಿಪ್ರಾಯವಾಗಿತ್ತೆಂಬುದು ತಂಜಾವೂರಿನ ಆ ಪುಷ್ಪಿಕೆಯನ್ನು ಓದಿದ ದಿನ ನನಗೆ ಅರ್ಥವಾಯಿತು. ಓಲೆಯ ಪ್ರತಿಯಲ್ಲಿದ್ದ ಪಾಠವೇ ಕಾರಿಕೆಯ ಮುಂದಿನ ವೃತ್ತಿಗೆ ಚೆನ್ನಾಗಿ ಹೊಂದುವುದೆಂದು ಈಗ ನನಗೆ ನಿಶ್ಚಯವಾಗಿದೆ. ಆ ಪುಸ್ತಕವನ್ನು ಮತ್ತೆ ಅಚ್ಚುಮಾಡಿಸುವ ಅವಕಾಶವು ದೊರೆಯಲಿಲ್ಲವಾದುದರಿಂದ, ಆ ಲಿಪಿಕಾರನನ್ನು ಪ್ರಮಾದಿಯೆಂದು ಕರೆದ ನನ್ನ ಅಡಿಟಿಪ್ಪಣಿಯನ್ನು ಇಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪ್ರಮಾದವು ಅವನದಾಗಿರಲಿಲ್ಲ.